ಯುದ್ಧ ಶುರುವಾದರೆ ತುರ್ತು ಪರಿಸ್ಥಿತಿ ತಾನಾಗಿ ಬರುತ್ತದಾ? ಸರ್ಕಾರಕ್ಕೆ ಕಡಿವಾಣ ಎಲ್ಲಿದೆ?

ಬಯಲುಸೀಮೆ
2025ರ ಮೇ ತಿಂಗಳಲ್ಲಿ ಸೈರನ್ ಊದಿ ಅಣಕು ಕವಾಯತು ನಡೆಸಿದರಲ್ಲ, ಆಗ ಹುಟ್ಟಿದ ಒಂದು ವಾಟ್ಸ್‌ಆ್ಯಪ್ ಸಂದೇಶ ಇನ್ನೂ ಗುಂಪಿನಿಂದ ಗುಂಪಿಗೆ ಹರಿದಾಡುತ್ತಿದೆ. ಅದರ ಸಾರ ಇಷ್ಟು: ಯುದ್ಧ ಘೋಷಣೆಯಾದ ಕ್ಷಣವೇ ಸಂವಿಧಾನದ 352ನೇ ವಿಧಿಯ ತುರ್ತು ಪರಿಸ್ಥಿತಿ ಜಾರಿ, ಮೂಲಭೂತ ಹಕ್ಕುಗಳೆಲ್ಲ ರದ್ದು, ಚುನಾವಣೆ ಮುಂದಕ್ಕೆ, ಬ್ಯಾಂಕಿನ ದುಡ್ಡು ಸರ್ಕಾರದ ಪಾಲು, ಕೋರ್ಟಿಗೆ ಹೋಗುವಂತಿಲ್ಲ. ಓದಿದವರೇ ಇದನ್ನು ಫಾರ್ವರ್ಡ್ ಮಾಡುತ್ತಿದ್ದಾರೆ.

ತಿಳಿದವರು ಮೂರು ಪ್ರಶ್ನೆಗೆ ಉತ್ತರ ಕೊಡಿ. ಯುದ್ಧಕ್ಕೆ ಹೋಗಲು ಪ್ರಧಾನಿ ಸಂಸತ್ತಿನ ಒಪ್ಪಿಗೆ ಪಡೆಯಬೇಕಾ? ಯುದ್ಧ ಬಂದರೆ ತುರ್ತು ಪರಿಸ್ಥಿತಿ ತಾನಾಗಿ ಬರುತ್ತದಾ? 1975ರಲ್ಲಿ ಆದದ್ದು ಮತ್ತೆ ಆಗದಂತೆ ಈಗ ಏನು ತಡೆ ಇದೆ? ಪಕ್ಷದ ಜಗಳ ಬೇಡ. ವಿಧಿ, ಅವಧಿ, ಮತದ ಲೆಕ್ಕ ಬೇಕು.

ಕರಿಕೋಟು
ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ. 1999ರ ಕಾರ್ಗಿಲ್ ಯುದ್ಧ ನಡೆಯಿತು, 352ರ ಘೋಷಣೆ ಆಗಲಿಲ್ಲ. 2025ರ ಮೇನಲ್ಲೂ ಆಗಲಿಲ್ಲ. 1977ರ ಮಾರ್ಚ್ ನಂತರ ಈ ದೇಶದಲ್ಲಿ 352ರ ಅಡಿಯಲ್ಲಿ ಒಂದೇ ಒಂದು ಘೋಷಣೆಯೂ ಹೊರಬಿದ್ದಿಲ್ಲ.

ಘೋಷಣೆ ಆಗಬೇಕಾದರೆ ದಾಟಬೇಕಾದ ಹಂತಗಳು ಇವು.

ಮೊದಲು ಆಧಾರ. ಯುದ್ಧ, ಬಾಹ್ಯ ಆಕ್ರಮಣ, ಸಶಸ್ತ್ರ ಬಂಡಾಯ, ಈ ಮೂರರಲ್ಲೊಂದು ಇರಬೇಕು. ಇವು ನಡೆದೇ ಇರಬೇಕೆಂದಿಲ್ಲ, ತೀರಾ ಸಮೀಪದ ಅಪಾಯ ಇದ್ದರೂ ಸಾಕು. ಮುಷ್ಕರ, ಪ್ರತಿಭಟನೆ, ಬಂದ್ ಇವು ಯಾವುದೂ ಸಾಲುವುದಿಲ್ಲ. 1975ರಲ್ಲಿ ಬಳಸಿದ 'ಆಂತರಿಕ ಕ್ಷೋಭೆ' ಎಂಬ ಆಧಾರವನ್ನು ಸಂವಿಧಾನದ 44ನೇ ತಿದ್ದುಪಡಿ (1978) ತೆಗೆದುಹಾಕಿದೆ.

ಆಮೇಲೆ ಸಚಿವ ಸಂಪುಟದ ನಿರ್ಧಾರ, ಅದೂ ಬರವಣಿಗೆಯಲ್ಲಿ. 352(3) ಪ್ರಕಾರ ಆ ಲಿಖಿತ ನಿರ್ಧಾರ ಕೈಗೆ ಬರುವವರೆಗೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ. ಪ್ರಧಾನಿ ಒಬ್ಬರೇ ಪತ್ರ ಬರೆದರೆ ನಡೆಯದು.

ಮೂರನೆಯದು ಸಂಸತ್ತು. ಒಂದು ತಿಂಗಳೊಳಗೆ ಎರಡೂ ಸದನ ಒಪ್ಪಬೇಕು. ಬರೀ ಬಹುಮತ ಸಾಲದು. ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು. ಒಪ್ಪಿಗೆ ಸಿಕ್ಕರೂ ಆರು ತಿಂಗಳಿಗೆ ಮಾತ್ರ. ಮುಂದುವರಿಸಬೇಕಾದರೆ ಮತ್ತೆ ಎರಡೂ ಸದನದಲ್ಲಿ ಅದೇ ಬಹುಮತ ಬೇಕು.

ಹೇಮಾವತಿ
ಕರಿಕೋಟು ಸರ್ ಲೆಕ್ಕ ಬಿಟ್ಟರು, ನಾನು ಸೇರಿಸುತ್ತೇನೆ. ಲೋಕಸಭೆಯ ಬಲ 543. ಅರ್ಧಕ್ಕಿಂತ ಹೆಚ್ಚು ಎಂದರೆ 272. ರಾಜ್ಯಸಭೆ 245, ಅಲ್ಲಿ 123. ಖಾಲಿ ಸ್ಥಾನಗಳೂ ಒಟ್ಟು ಬಲದಲ್ಲಿ ಎಣಿಕೆಯಾಗುತ್ತವೆ.

ಲೋಕಸಭೆಯಲ್ಲಿ 540 ಮಂದಿ ಹಾಜರಿದ್ದು ಎಲ್ಲರೂ ಮತ ಹಾಕಿದರೆ ಮೂರನೇ ಎರಡು ಅಂದರೆ 360. ವಿರೋಧ ಪಕ್ಷದವರು ಸಭಾತ್ಯಾಗ ಮಾಡಿ 300 ಮಂದಿ ಉಳಿದರೆ ಮೂರನೇ ಎರಡು 200ಕ್ಕೆ ಇಳಿಯುತ್ತದೆ, ಆದರೆ 272 ಇಳಿಯುವುದಿಲ್ಲ. ವಿರೋಧಿಗಳನ್ನು ಜೈಲಿಗೆ ಹಾಕಿ ಸದನ ಖಾಲಿ ಮಾಡಿದರೂ ಆ ಒಂದು ಗೆರೆ ಕದಲುವುದಿಲ್ಲ. 1975ರಲ್ಲಿ ಸಂಸದರನ್ನೇ ಒಳಗೆ ಹಾಕಿ ನಿರ್ಣಯ ಪಾಸು ಮಾಡಿಸಿಕೊಂಡಿದ್ದರು ಅನ್ನುವುದನ್ನು ನೆನಪಿಟ್ಟುಕೊಂಡು ಈ ಎರಡು ಲೆಕ್ಕವನ್ನು ಓದಬೇಕು.

ಕದ್ರಿಗುಡ್ಡೆ
ಮಾರಾಯ್ರೇ, 272 ಇರುವ ಸರ್ಕಾರಕ್ಕೆ ಇದೆಲ್ಲ ಯಾವ ಲೆಕ್ಕ? ಸಂಪುಟದ ಲಿಖಿತ ನಿರ್ಧಾರ ಅಂತೀರಿ, ಪ್ರಧಾನಿ ಹೇಳಿದ ಮೇಲೆ ಯಾವ ಸಚಿವ ಸಹಿ ಹಾಕಲ್ಲ ಅಂತಾನೆ? ಬರೀ ಕಾಗದ.

ಕರಿಕೋಟು
ಕಾಗದವೇ ಹೌದು, ಆದರೆ ಆ ಕಾಗದ ಇಲ್ಲದ್ದರಿಂದಲೇ 1975ರ ಜೂನ್ 25ರ ರಾತ್ರಿ ಅಷ್ಟು ಸಲೀಸಾಗಿ ಕೆಲಸ ಮುಗಿಯಿತು. ಅವತ್ತು ಏನಾಯಿತು ನೋಡಿ.

ಕೇಂದ್ರ ಸರ್ಕಾರದ ಕೆಲಸ ಹೇಗೆ ನಡೆಯಬೇಕು ಅಂತ 77(3)ನೇ ವಿಧಿಯ ಅಡಿ 1961ರ ಕಾರ್ಯಕಲಾಪ ನಿಯಮಗಳಿವೆ. ತುರ್ತು ಪರಿಸ್ಥಿತಿಯಂಥ ವಿಷಯ ಸಂಪುಟದ ಮುಂದೆ ಬರಬೇಕು ಎನ್ನುವುದು ಆ ನಿಯಮಗಳಲ್ಲಿತ್ತು. ಅದೇ ನಿಯಮಗಳ 12ನೇ ನಿಯಮ, ಅಗತ್ಯ ಬಿದ್ದರೆ ಈ ಪದ್ಧತಿಯನ್ನು ಬಿಟ್ಟು ನಡೆಯಲು ಪ್ರಧಾನಿಗೆ ಅವಕಾಶ ಕೊಡುತ್ತದೆ. ಇಂದಿರಾ ಗಾಂಧಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರಿಗೆ ಬರೆದ ಪತ್ರದಲ್ಲಿ ಆ 12ನೇ ನಿಯಮವನ್ನೇ ಹಿಡಿದರು. ಸಹಿ ರಾತ್ರಿಯೇ ಆಯಿತು. ಸಂಪುಟಕ್ಕೆ ವಿಷಯ ಗೊತ್ತಾದದ್ದು 26ರ ಬೆಳಿಗ್ಗೆ. ಅಷ್ಟು ಹೊತ್ತಿಗೆ ಜಯಪ್ರಕಾಶ್ ನಾರಾಯಣ್, ಮೊರಾರ್ಜಿ ದೇಸಾಯಿ ಬಂಧನದಲ್ಲಿದ್ದರು.

44ನೇ ತಿದ್ದುಪಡಿ ಆ ಶರತ್ತನ್ನು ನಿಯಮದಿಂದ ಎತ್ತಿ ಸಂವಿಧಾನದೊಳಗೇ ಇಟ್ಟಿತು. ನಿಯಮಕ್ಕೆ 12ನೇ ನಿಯಮ ವಿನಾಯಿತಿ ಕೊಡಬಲ್ಲದು, ಸಂವಿಧಾನಕ್ಕೆ ಕೊಡಲಾರದು. ಇದು ಸಣ್ಣ ಬದಲಾವಣೆ ಅಲ್ಲ. 12ನೇ ನಿಯಮ ಹಳೇ ಕಥೆ ಅಂತಲೂ ತಿಳಿಯಬೇಡಿ. 2019ರ ನವೆಂಬರ್ 23ರ ನಸುಕಿನಲ್ಲಿ ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆಯನ್ನು ಹಿಂತೆಗೆದದ್ದು ಅದನ್ನೇ ಬಳಸಿ. ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಗೆ ಲಿಖಿತ ಸಂಪುಟ ನಿರ್ಧಾರದ ಶರತ್ತು ಇಲ್ಲ, 352ಕ್ಕೆ ಇದೆ.

ಮಾಳಮಡ್ಡಿ
ಕದ್ರಿಗುಡ್ಡೆಯವರ, ಇನ್ನೊಂದು ಮಾತು ಕೇಳ್ರಿ. ರಾಜ್ಯಸಭಾ ಮರೀಬ್ಯಾಡ್ರಿ. ಲೋಕಸಭಾದಾಗ ಎಷ್ಟ ದೊಡ್ಡ ಬಹುಮತ ಇದ್ರೂ ರಾಜ್ಯಸಭಾದಾಗ ಮೂರನೇ ಎರಡು ಒಂದ ಪಕ್ಷಕ್ಕ ಸಿಗೂದು ಬಾಳ ಕಷ್ಟ ಐತಿ. ಲೋಕಸಭಾ ವಿಸರ್ಜನಾ ಆಗಿದ್ರೂ ರಾಜ್ಯಸಭಾ ತಿಂಗಳೊಳಗ ಒಪ್ಪಬೇಕು. ಹೊಸ ಲೋಕಸಭಾ ಕೂತ ಮ್ಯಾಲೆ 30 ದಿನದೊಳಗ ಅದೂ ಒಪ್ಪಬೇಕು. ಇಲ್ಲಾಂದ್ರ ಘೋಷಣಾ ಬಿದ್ದಹೋಗತೈತಿ.

ಅಡಿಕೆ ತೋಟ
ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ಸಂಸತ್ತು ವಾಪಸ್ ಪಡೆಯಬಹುದಾ? ಎರಡು ಸದನದಲ್ಲಿ ಯಾವುದಾದರೂ ಒಂದು ಬೇಡ ಅಂದರೆ ಸಾಕು ಅಂತ ಕೇಳಿದ್ದೇನೆ.

ಹೇಮಾವತಿ
ಇಲ್ಲ, ಲೋಕಸಭೆ ಮಾತ್ರ. ರಾಜ್ಯಸಭೆಗೆ ಆ ಅಧಿಕಾರವಿಲ್ಲ. ಲೋಕಸಭೆಯ ಹತ್ತನೇ ಒಂದರಷ್ಟು ಸದಸ್ಯರು, ಅಂದರೆ 55 ಮಂದಿ, ಸಹಿ ಹಾಕಿ ನೋಟಿಸ್ ಕೊಡಬೇಕು. ಅಧಿವೇಶನ ನಡೆಯುತ್ತಿದ್ದರೆ ಸ್ಪೀಕರ್‌ಗೆ, ಇಲ್ಲದಿದ್ದರೆ ನೇರ ರಾಷ್ಟ್ರಪತಿಗೆ. 14 ದಿನದೊಳಗೆ ವಿಶೇಷ ಬೈಠಕ್ ಕರೆಯಲೇಬೇಕು. ಅಲ್ಲಿ ಸರಳ ಬಹುಮತದಿಂದ ತಿರಸ್ಕರಿಸಿದರೆ ರಾಷ್ಟ್ರಪತಿ ಘೋಷಣೆಯನ್ನು ಹಿಂತೆಗೆಯಬೇಕು, ಬೇರೆ ದಾರಿಯಿಲ್ಲ. ತರುವುದಕ್ಕೆ ಮೂರನೇ ಎರಡು, ತೆಗೆಯುವುದಕ್ಕೆ ಅರ್ಧ. ಒಳಗೆ ಬರುವ ಬಾಗಿಲು ಕಿರಿದು, ಹೊರಗೆ ಹೋಗುವ ಬಾಗಿಲು ಅಗಲ. ತಿದ್ದುಪಡಿ ಬರೆದವರು ಇದನ್ನು ಯೋಚಿಸಿಯೇ ಮಾಡಿದ್ದಾರೆ.

ಕದ್ರಿಗುಡ್ಡೆ
ಅದು ಒಪ್ಪತಕ್ಕ ಮಾತು. ಆದರೆ ಆರು ತಿಂಗಳಿಗೊಮ್ಮೆ ನವೀಕರಿಸುತ್ತಾ ಹತ್ತು ವರ್ಷ ಎಳೆಯಬಹುದಲ್ಲ? ಗರಿಷ್ಠ ಮಿತಿ ಇಲ್ಲ.

ಅಡಿಟಿಪ್ಪಣಿ
ಗರಿಷ್ಠ ಮಿತಿ ಇಲ್ಲ ಎನ್ನುವುದು ಸರಿ. ಆದರೆ ಮೊದಲು ಹೇಗಿತ್ತು ಎಂದು ನೋಡಿದರೆ ಆರು ತಿಂಗಳ ಬೆಲೆ ತಿಳಿಯುತ್ತದೆ.

ಎಲ್ಲರೂ 1975 ಅನ್ನುತ್ತಾರೆ. ಅದು ಮೂರನೆಯದು. ಮೊದಲನೆಯದು 1962ರ ಅಕ್ಟೋಬರ್ 26ರಂದು, ಚೀನಾ ದಾಳಿಯ ಹೊತ್ತಿನಲ್ಲಿ. ಆ ನವೆಂಬರ್ 21ಕ್ಕೆ ಚೀನಾ ಕದನ ವಿರಾಮ ಸಾರಿತು. ಘೋಷಣೆ ಹಿಂದಕ್ಕೆ ಹೋದದ್ದು ಯಾವಾಗ? 1968ರ ಜನವರಿ 10. ಒಂದು ತಿಂಗಳ ಯುದ್ಧಕ್ಕೆ ಐದು ವರ್ಷ ಮೀರಿದ ತುರ್ತು ಪರಿಸ್ಥಿತಿ. 1965ರ ಪಾಕಿಸ್ತಾನ ಯುದ್ಧವೂ ಅದೇ ಘೋಷಣೆಯ ನೆರಳಲ್ಲೇ ನಡೆದುಹೋಯಿತು. ಕಾರಣ ಸರಳ: ಆಗ ಸಂಸತ್ತು ಒಮ್ಮೆ ಒಪ್ಪಿದರೆ ಮುಗಿಯಿತು, ಸರ್ಕಾರ ತಾನಾಗಿ ಹಿಂತೆಗೆಯುವವರೆಗೆ ಅದು ಜೀವಂತ.

ಎರಡನೆಯದು 1971ರ ಡಿಸೆಂಬರ್ 3, ಬಾಂಗ್ಲಾ ಯುದ್ಧ. ಯುದ್ಧ ಎರಡು ವಾರದಲ್ಲಿ ಮುಗಿಯಿತು, ಘೋಷಣೆ ಮುಗಿಯಲಿಲ್ಲ. ಅದು ಜಾರಿಯಲ್ಲಿದ್ದಾಗಲೇ 1975ರದ್ದು ಅದರ ಮೇಲೆ ಬಂತು. ಎರಡೂ ತೊಲಗಿದ್ದು 1977ರ ಮಾರ್ಚ್‌ನಲ್ಲಿ, ಒಂದು 21ಕ್ಕೆ, ಇನ್ನೊಂದು 27ಕ್ಕೆ. ಹೀಗೆ 1962ರ ಅಕ್ಟೋಬರ್‌ನಿಂದ 1977ರ ಮಾರ್ಚ್‌ವರೆಗಿನ ಹದಿನಾಲ್ಕೂವರೆ ವರ್ಷದಲ್ಲಿ ಈ ದೇಶ ಹತ್ತು ವರ್ಷಕ್ಕೂ ಮೀರಿ ತುರ್ತು ಪರಿಸ್ಥಿತಿಯಲ್ಲಿತ್ತು. ನನಗೆ 1975ಕ್ಕಿಂತ ಇದೇ ಹೆಚ್ಚು ಕಳವಳದ ವಿಷಯ. 1975ರದ್ದನ್ನು ಜನ ವಿರೋಧಿಸಿದರು. ಉಳಿದವು ಇರುವುದೇ ಜನಕ್ಕೆ ಮರೆತುಹೋಗಿತ್ತು.

ಬಯಲುಸೀಮೆ
ಇದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಹಕ್ಕುಗಳ ಗತಿ? ಎಲ್ಲ ರದ್ದಾಗುತ್ತವಾ?

ಕರಿಕೋಟು
ರದ್ದಾಗುವುದಿಲ್ಲ. ಕೆಲವು ಅಮಾನತಾಗುತ್ತವೆ, ಅದಕ್ಕೂ ಎರಡು ಬೇರೆ ಬೇರೆ ದಾರಿ. ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

358ನೇ ವಿಧಿ: 19ನೇ ವಿಧಿಯ ಸ್ವಾತಂತ್ರ್ಯಗಳು (ಮಾತು, ಸಭೆ, ಸಂಘ, ಸಂಚಾರ, ವೃತ್ತಿ) ತಾವಾಗಿ ಅಮಾನತಾಗುತ್ತವೆ. ಆದರೆ ಯುದ್ಧ ಅಥವಾ ಬಾಹ್ಯ ಆಕ್ರಮಣದ ಘೋಷಣೆ ಇದ್ದಾಗ ಮಾತ್ರ. ಸಶಸ್ತ್ರ ಬಂಡಾಯದ ಕಾರಣಕ್ಕೆ ಘೋಷಿಸಿದರೆ 19 ಅಲುಗುವುದಿಲ್ಲ. ಯುದ್ಧವಿದ್ದಾಗಲೂ ಎಲ್ಲ ಕಾನೂನಿಗೂ ರಕ್ಷಣೆ ಇಲ್ಲ. 'ಈ ಕಾನೂನು ಜಾರಿಯಲ್ಲಿರುವ ತುರ್ತು ಪರಿಸ್ಥಿತಿಗೆ ಸಂಬಂಧಿಸಿದ್ದು' ಎಂಬ ಒಕ್ಕಣೆ ಆ ಕಾನೂನಿನಲ್ಲೇ ಇರಬೇಕು. ಆ ಸಾಲು ಇಲ್ಲದ ಕಾನೂನನ್ನು 19ರ ಆಧಾರದ ಮೇಲೆ ಯುದ್ಧದ ನಡುವೆಯೂ ಪ್ರಶ್ನಿಸಬಹುದು. ವಕೀಲರು ಮೊದಲು ಹುಡುಕಬೇಕಾದದ್ದು ಈ ಸಾಲನ್ನೇ.

359ನೇ ವಿಧಿ: ಇಲ್ಲಿ ತಾನಾಗಿ ಏನೂ ಆಗುವುದಿಲ್ಲ. ರಾಷ್ಟ್ರಪತಿ ಪ್ರತ್ಯೇಕ ಆದೇಶ ಹೊರಡಿಸಿ, ಯಾವ ಯಾವ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವಂತಿಲ್ಲ ಅಂತ ಹೆಸರಿಸಬೇಕು. ಆ ಆದೇಶವನ್ನು ಎರಡೂ ಸದನದ ಮುಂದಿಡಬೇಕು. 20 ಮತ್ತು 21ನೇ ವಿಧಿಗಳನ್ನು ಅದರಲ್ಲಿ ಸೇರಿಸುವಂತೆಯೇ ಇಲ್ಲ. ಜೀವ, ವೈಯಕ್ತಿಕ ಸ್ವಾತಂತ್ರ್ಯ, ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಇಲ್ಲ, ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳಬೇಕಿಲ್ಲ, ಇವೆಲ್ಲ ಉಳಿಯುತ್ತವೆ.

ಮಾಳಮಡ್ಡಿ
21ನ್ನ ಯಾಕ ಮುಟ್ಟಬಾರದು ಅಂತ ಇಟ್ರು ಅನ್ನೂದು ಹೇಳಬೇಕಲ್ರಿ. ಅದರಾಗ ಬೆಂಗಳೂರಿನ ಪಾಲೂ ಐತಿ.

1975ರ ಜೂನದಾಗ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿ ಕೆಲಸಕ್ಕ ಬೆಂಗಳೂರಿಗೆ ಬಂದಿದ್ರು. 26ಕ್ಕ ಅಲ್ಲೇ ಹಿಡದು ಸೆಂಟ್ರಲ್ ಜೈಲಿಗೆ ಹಾಕಿದ್ರು. ಕರ್ನಾಟಕ ಹೈಕೋರ್ಟಿನ್ಯಾಗ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದ್ರ ಹಿಡದವರನ್ನ ಕೋರ್ಟಿನ ಮುಂದ ತರ್ರಿ ಅನ್ನೂ ಅರ್ಜಿ ಬಿದ್ವು. ದೇಶದಾಗ ಒಂಬತ್ತು ಹೈಕೋರ್ಟುಗೋಳು, 359ರ ಆದೇಶ ಇದ್ರೂ ಬಂಧನ ಕಾನೂನು ಪ್ರಕಾರ ಐತೋ ಇಲ್ಲೋ ನೋಡ್ತೀವಿ ಅಂದ್ವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋತು. 1976ರ ಏಪ್ರಿಲ್ 28ಕ್ಕ ಐದರಾಗ ನಾಲ್ಕು ನ್ಯಾಯಮೂರ್ತಿಗಳು ಸರ್ಕಾರದ ಪರ ಬರದ್ರು. ಅದ ಎಡಿಎಂ ಜಬಲ್ಪುರ ತೀರ್ಪು. ಎಚ್.ಆರ್. ಖನ್ನಾ ಒಬ್ರ ಭಿನ್ನ ತೀರ್ಪು ಕೊಟ್ರು, ಮುಂದ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರನ್ನ ದಾಟಿ ಎಂ.ಎಚ್. ಬೇಗ್ ಅವರಿಗೆ ಹೋತು.

ಆ ತೀರ್ಪನ್ನ ಕಡೀಕೆ ತಳ್ಳಿಹಾಕಿದ್ದು 2017ರ ಆಗಸ್ಟ್ 24ಕ್ಕ, ಖಾಸಗಿತನದ ಹಕ್ಕಿನ ಪ್ರಕರಣದಾಗ. ಅರ್ಜಿದಾರ ಯಾರು? ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ಅಡಿಟಿಪ್ಪಣಿ
ಒಂದು ಸೇರ್ಪಡೆ. ಜಬಲ್ಪುರಕ್ಕಿಂತ ಹಳೆಯ, ಅದಕ್ಕಿಂತ ಉತ್ತಮವಾದ ತೀರ್ಪೊಂದು ಇತ್ತು: 1963ರ ಮಖನ್ ಸಿಂಗ್ ಪ್ರಕರಣ. ಚೀನಾ ಯುದ್ಧದ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಾಗಲೇ ನ್ಯಾ. ಗಜೇಂದ್ರಗಡ್ಕರ್ ಬರೆದದ್ದು. ಹಕ್ಕಿನ ಹೆಸರಲ್ಲಿ ಕೋರ್ಟಿಗೆ ಬರುವಂತಿಲ್ಲ ನಿಜ. ಆದರೆ ಬಂಧಿಸಿದ ಅಧಿಕಾರಿ ಆ ಕಾಯ್ದೆಯ ಶರತ್ತನ್ನೇ ಪಾಲಿಸಿಲ್ಲ, ಅಥವಾ ದುರುದ್ದೇಶದಿಂದ ಮಾಡಿದ್ದಾನೆ ಎನ್ನುವ ಆಧಾರದ ಮೇಲೆ ಬರಬಹುದು ಎಂದಿತ್ತು. ಆ ಕಿಂಡಿಯನ್ನೇ 1976ರಲ್ಲಿ ಮುಚ್ಚಿದರು. 'ಕೋರ್ಟಿಗೆ ಹೋಗುವಂತಿಲ್ಲ' ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಉತ್ತರವೂ ಅದೇ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟಿಗೆ ಹೋಗಲು ದಾರಿಯಾದ 32 ಮತ್ತು 226ನೇ ವಿಧಿಗಳು ಮುಚ್ಚಿಹೋಗುವುದಿಲ್ಲ. ಹೆಸರಿಸಿದ ಹಕ್ಕುಗಳಿಗೆ ಮಾತ್ರ ತಡೆ, ಉಳಿದ ಆಧಾರಗಳು ತೆರೆದೇ ಇರುತ್ತವೆ.

ಇನ್ನು 21 ಭದ್ರ ಅಂತ ನಿಶ್ಚಿಂತೆಯಿಂದ ಕೂರಬೇಡಿ. 22ನೇ ವಿಧಿಗೆ ಆ ರಕ್ಷಣೆ ಇಲ್ಲ. ಬಂಧನದ ಕಾರಣ ತಿಳಿಸುವುದು, ವಕೀಲರ ಭೇಟಿ, ಬಂಧನ ಸರಿಯೇ ಎಂದು ನೋಡುವ ಸಲಹಾ ಮಂಡಳಿ, ಇವೆಲ್ಲ 22ರಲ್ಲಿವೆ. 359ರ ಆದೇಶದಲ್ಲಿ 22ನ್ನು ಸೇರಿಸಬಹುದು. ಆಗ ವಕೀಲರು 21ರ ನ್ಯಾಯಯುತ ವಿಧಾನ ಎಂಬ ಒಂದೇ ಎಳೆ ಹಿಡಿದು ವಾದಿಸಬೇಕಾಗುತ್ತದೆ.

ಅಡಿಕೆ ತೋಟ
ಬ್ಯಾಂಕ್ ದುಡ್ಡಿನ ವಿಷಯ ಯಾರೂ ಹೇಳಲಿಲ್ಲ.

ಹೇಮಾವತಿ
352ಕ್ಕೂ ನಿಮ್ಮ ಉಳಿತಾಯ ಖಾತೆಗೂ ಸಂಬಂಧವಿಲ್ಲ. 360ನೇ ವಿಧಿಯ ಆರ್ಥಿಕ ತುರ್ತು ಪರಿಸ್ಥಿತಿ ಬೇರೆ, ಅದನ್ನು ಇದುವರೆಗೆ ಒಮ್ಮೆಯೂ ಘೋಷಿಸಿಲ್ಲ. ಘೋಷಿಸಿದರೂ ಅದರಲ್ಲಿರುವುದು ಸರ್ಕಾರಿ ನೌಕರರ ಮತ್ತು ನ್ಯಾಯಾಧೀಶರ ಸಂಬಳ ಕಡಿತ, ರಾಜ್ಯಗಳ ಹಣಕಾಸಿಗೆ ನಿರ್ದೇಶನ. ಠೇವಣಿ ವಶಪಡಿಸಿಕೊಳ್ಳುವ ಅಧಿಕಾರ ಅಲ್ಲಿಲ್ಲ. 300ಎ ಪ್ರಕಾರ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ.

ನಿಜವಾಗಿ ಹಣ ತೆಗೆಯಲು ತಡೆ ಬೀಳುವುದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 45ನೇ ಸೆಕ್ಷನ್‌ನಿಂದ. 2020ರ ಮಾರ್ಚ್‌ನಲ್ಲಿ ಒಂದು ಖಾಸಗಿ ಬ್ಯಾಂಕಿನ ಗ್ರಾಹಕರಿಗೆ 50,000 ರೂಪಾಯಿ ಮಿತಿ ಹಾಕಿದ್ದು ಹಾಗೆ. ಆಗ ಯುದ್ಧವೂ ಇರಲಿಲ್ಲ, ತುರ್ತು ಪರಿಸ್ಥಿತಿಯೂ ಇರಲಿಲ್ಲ.

ಚುನಾವಣೆಯೂ ಅಷ್ಟೇ. ತಾನಾಗಿ ಮುಂದಕ್ಕೆ ಹೋಗುವುದಿಲ್ಲ. 83(2)ರ ಪ್ರಕಾರ ಲೋಕಸಭೆಯ ಅವಧಿಯನ್ನು ಒಮ್ಮೆಗೆ ಒಂದು ವರ್ಷ ಮಾತ್ರ, ಅದೂ ಸಂಸತ್ತು ಕಾನೂನು ಮಾಡಿ, ವಿಸ್ತರಿಸಬಹುದು. ಘೋಷಣೆ ಮುಗಿದ ಆರು ತಿಂಗಳ ಆಚೆಗೆ ಎಳೆಯುವಂತಿಲ್ಲ. 1976ರಲ್ಲಿ ಎರಡು ಸಲ ಹೀಗೆ ವಿಸ್ತರಿಸಿದ್ದರು.

ನ್ಯೂಜೆರ್ಸಿ ಕನ್ನಡಿಗ
ಮೊದಲನೇ ಪ್ರಶ್ನೆ ಹಾಗೇ ಉಳಿಯಿತು. ಇಲ್ಲಿ ಅಮೆರಿಕದಲ್ಲಿ ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿಗಿದೆ. 1973ರ ಕಾನೂನಿನ ಪ್ರಕಾರ ಅಧ್ಯಕ್ಷರು ಸೇನೆ ಕಳಿಸಿದರೆ 48 ಗಂಟೆಯಲ್ಲಿ ವರದಿ ಕೊಡಬೇಕು, ಕಾಂಗ್ರೆಸ್ ಒಪ್ಪದಿದ್ದರೆ 60 ದಿನದಲ್ಲಿ ನಿಲ್ಲಿಸಬೇಕು, ವಾಪಸಾತಿಗೆ ಇನ್ನು 30 ದಿನ. ಭಾರತದಲ್ಲಿ ಇದಕ್ಕೆ ಸಮನಾದದ್ದು ಏನಿದೆ?

ಕರಿಕೋಟು
ಏನೂ ಇಲ್ಲ. ಇದನ್ನು ಸುತ್ತಿಬಳಸದೆ ಹೇಳಬೇಕು.

ಸೇನೆಯ ಪರಮೋಚ್ಚ ಅಧಿಪತ್ಯ ರಾಷ್ಟ್ರಪತಿಯದು, ಅದರ ಚಲಾವಣೆಯನ್ನು ಕಾನೂನು ನಿಯಂತ್ರಿಸಬೇಕು ಎಂದು 53(2) ಹೇಳುತ್ತದೆ. ಕೇಂದ್ರ ಪಟ್ಟಿಯ 1ನೇ ನಮೂದು ರಕ್ಷಣೆ, 15ನೇ ನಮೂದು 'ಯುದ್ಧ ಮತ್ತು ಶಾಂತಿ'. ಅಂದರೆ ಸಂಸತ್ತು ಬೇಕೆಂದರೆ ನಾಳೆಯೇ ಕಾನೂನು ಮಾಡಿ, ಯುದ್ಧಕ್ಕೆ ಮೊದಲು ಸದನದ ಒಪ್ಪಿಗೆ ಬೇಕು ಎನ್ನಬಹುದು. ಮಾಡಿಲ್ಲ. ಕಾನೂನು ಇಲ್ಲದ ಜಾಗದಲ್ಲಿ 73ನೇ ವಿಧಿಯ ಕಾರ್ಯಾಂಗದ ಅಧಿಕಾರ ಕೆಲಸ ಮಾಡುತ್ತದೆ. ನಿರ್ಧಾರ ಆಗುವುದು ಭದ್ರತೆಯ ಸಂಪುಟ ಸಮಿತಿಯಲ್ಲಿ: ಪ್ರಧಾನಿ, ರಕ್ಷಣೆ, ಗೃಹ, ಹಣಕಾಸು, ವಿದೇಶಾಂಗ. ಆ ಸಮಿತಿಯ ಹೆಸರು ಸಂವಿಧಾನದಲ್ಲಿ ಎಲ್ಲೂ ಇಲ್ಲ. ಅಣ್ವಸ್ತ್ರದ ವಿಷಯವೂ ಹೀಗೇ. 2003ರ ಜನವರಿಯಲ್ಲಿ ಪ್ರಕಟಿಸಿದ ಅಣ್ವಸ್ತ್ರ ಕಮಾಂಡ್ ಪ್ರಾಧಿಕಾರ ಸಂಪುಟ ಸಮಿತಿಯ ನಿರ್ಣಯದಿಂದ ಹುಟ್ಟಿದ್ದು, ಸಂಸತ್ತಿನ ಕಾಯ್ದೆಯಿಂದಲ್ಲ.

ಅಡಿಟಿಪ್ಪಣಿ
1987ರ ಶ್ರೀಲಂಕಾ ಉದಾಹರಣೆ ಸಾಕು. ಜುಲೈ 29ಕ್ಕೆ ಒಪ್ಪಂದ, ಕೂಡಲೇ ಶಾಂತಿಪಾಲನಾ ಪಡೆ ಹೊರಟಿತು. ಸದನದ ಮುಂಗಡ ಒಪ್ಪಿಗೆ ಇರಲಿಲ್ಲ. ಕೊನೆಯ ತುಕಡಿ ಮರಳಿದ್ದು 1990ರ ಮಾರ್ಚ್‌ನಲ್ಲಿ. ಹತ್ತಿರ ಹತ್ತಿರ 1,200 ಯೋಧರು ಜೀವ ತೆತ್ತರು.

1999ರಲ್ಲಂತೂ ಲೋಕಸಭೆಯೇ ಇರಲಿಲ್ಲ. ಏಪ್ರಿಲ್ 26ಕ್ಕೆ ವಿಸರ್ಜನೆಯಾಗಿತ್ತು, ಉಸ್ತುವಾರಿ ಸರ್ಕಾರವೇ ಕಾರ್ಗಿಲ್ ಯುದ್ಧ ನಡೆಸಿತು. ರಾಜ್ಯಸಭೆಯ ವಿಶೇಷ ಅಧಿವೇಶನ ಕರೆಯಿರಿ ಎಂದು ವಿರೋಧ ಪಕ್ಷಗಳು ಕೇಳಿದವು, ಕರೆಯಲಿಲ್ಲ. ಅದಕ್ಕಿಂತ 1962 ಎಷ್ಟೋ ಮೇಲು. ಚೀನಾ ಸೇನೆ ಒಳಗಿದ್ದಾಗಲೇ ಅಧಿವೇಶನವನ್ನು ನಿಗದಿಗಿಂತ ಮುಂಚೆಯೇ ನವೆಂಬರ್ 8ಕ್ಕೆ ಕರೆದು, ಸರ್ಕಾರದ ತಪ್ಪುಗಳನ್ನು ಸದನದಲ್ಲೇ ಬಿಡಿಸಿಡಲು ಅವಕಾಶ ಕೊಟ್ಟರು.

ಕದ್ರಿಗುಡ್ಡೆ
ಶತ್ರು ಗಡಿಯಲ್ಲಿ ನಿಂತಾಗ ಸದನದಲ್ಲಿ ಚರ್ಚೆ ಮಾಡಿ ಮತ ಹಾಕಿ ಅಂದರೆ ಗುಟ್ಟು ಉಳಿಯುತ್ತದಾ ಮಾರಾಯ್ರೇ? ಕ್ಷಿಪಣಿ ಬರುವುದಕ್ಕೆ ನಿಮಿಷಗಳು ಸಾಕು. ಇದರಲ್ಲಿ ನಾನು ಸರ್ಕಾರದ ಪರ.

ಹೇಮಾವತಿ
ದಾಳಿ ತಡೆಯುವುದಕ್ಕೆ ಮೊದಲೇ ಮತ ಬೇಕು ಅಂತ ಯಾರೂ ಹೇಳುತ್ತಿಲ್ಲ. 352ರಲ್ಲೇ ಮಾದರಿ ಇದೆಯಲ್ಲ: ಮೊದಲು ಕ್ರಮ, ಒಂದು ತಿಂಗಳಲ್ಲಿ ಸದನದ ಒಪ್ಪಿಗೆ. ಶ್ರೀಲಂಕಾದಂತೆ ಹೊರದೇಶಕ್ಕೆ ಸೇನೆ ಕಳಿಸಿ ಎರಡೂವರೆ ವರ್ಷ ಇಟ್ಟುಕೊಳ್ಳುವಾಗಲೂ ಒಂದೇ ಒಂದು ಮತ ಬೇಡವೇ? ಅದರಲ್ಲಿ ಗುಟ್ಟೇನಿತ್ತು?

ನ್ಯೂಜೆರ್ಸಿ ಕನ್ನಡಿಗ
ಕದ್ರಿಗುಡ್ಡೆಯವರೇ, ಇಲ್ಲಿಯ ಕಾನೂನೂ ಅಂಥ ಗಟ್ಟಿಯೇನಲ್ಲ. 2011ರಲ್ಲಿ ಲಿಬಿಯಾ ಮೇಲೆ ಬಾಂಬ್ ಹಾಕುತ್ತಾ 60 ದಿನ ದಾಟಿದಾಗ ಒಬಾಮ ಸರ್ಕಾರ, ಇದು ಆ ಕಾನೂನು ಹೇಳುವ ಮಟ್ಟದ ಸಂಘರ್ಷವೇ ಅಲ್ಲ ಎಂದು ವಾದಿಸಿತು. ಆದರೂ ವಾದಿಸಬೇಕಾಯಿತು, ಉತ್ತರ ಕೊಡಬೇಕಾಯಿತು. ಗಡುವು ಇದ್ದರೆ ಅಷ್ಟಾದರೂ ಆಗುತ್ತದೆ.

ಕರಿಕೋಟು
ನಮ್ಮಲ್ಲಿ ಸಂಸತ್ತಿನ ಕೈಲಿ ಉಳಿದಿರುವುದು ಹಣ. ಸರ್ಕಾರದ ಬೊಕ್ಕಸವಾದ ಸಂಚಿತ ನಿಧಿಯಿಂದ ಒಂದು ರೂಪಾಯಿ ತೆಗೆಯಲೂ 114ರ ಪ್ರಕಾರ ಧನವಿನಿಯೋಗ ಕಾಯ್ದೆ ಬೇಕು. ಯುದ್ಧ ಎಳೆದರೆ 115ರ ಪೂರಕ ಅನುದಾನಕ್ಕೆ ಸದನಕ್ಕೆ ಬರಲೇಬೇಕು. ಇನ್ನೊಂದು, ಯುದ್ಧ ಮುಗಿಸುವಾಗ ಭೂಮಿ ಬಿಟ್ಟುಕೊಡುವುದು. 1960ರಲ್ಲಿ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಅಭಿಪ್ರಾಯದ ನಂತರ ಭಾರತದ ನೆಲ ಕೊಡಲು ಸಂವಿಧಾನ ತಿದ್ದುಪಡಿಯೇ ಆಗಬೇಕು. 2015ರಲ್ಲಿ ಬಾಂಗ್ಲಾದೇಶದ ಜೊತೆ ಭೂಪ್ರದೇಶಗಳ ಅದಲುಬದಲಿಗೆ 100ನೇ ತಿದ್ದುಪಡಿ ಬಂದದ್ದು ಅದಕ್ಕೇ. ಯುದ್ಧ ಆರಂಭಿಸಲು ಮತ ಬೇಡ, ಒಂದು ತುಂಡು ನೆಲ ಕೊಡಲು ಸಂಸತ್ತಿನಲ್ಲಿ ವಿಶೇಷ ಬಹುಮತ ಬೇಕು.

ಗಡಿನಾಡು
ಎಲ್ಲರೂ 352 ಹಿಡಿದು ಕೂತಿದ್ದೀರಿ. 1977ರ ನಂತರ ಯಾವ ಸರ್ಕಾರಕ್ಕೂ ಅದು ಬೇಕಾಗಿಲ್ಲ. ಯಾಕೆ? ಅದರ ಕೆಲಸವನ್ನು ಸಾಮಾನ್ಯ ಕಾಯ್ದೆಗಳೇ ಮಾಡುತ್ತಿವೆ, ಮೂರನೇ ಎರಡು ಬಹುಮತವಿಲ್ಲದೆ.

2020ರ ಮಾರ್ಚ್ 24ರ ರಾತ್ರಿ ಇಡೀ ದೇಶವನ್ನು ಮನೆಯೊಳಗೆ ಕೂರಿಸಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಆ ಆದೇಶಗಳಿಗೆ ಸಂಸತ್ತಿನ ಅನುಮೋದನೆಯ ಗಡುವು ಇಲ್ಲ. ಅಣಕು ಕವಾಯತಿಗೆ 1968ರ ನಾಗರಿಕ ರಕ್ಷಣಾ ಕಾಯ್ದೆ ಸಾಕಾಯಿತು. ಇಂಟರ್ನೆಟ್ ನಿಲ್ಲಿಸಲು ದೂರಸಂಪರ್ಕ ನಿಯಮಗಳಿವೆ: ಗೃಹ ಕಾರ್ಯದರ್ಶಿ ಮಟ್ಟದ ಆದೇಶ, ಒಂದು ಆದೇಶಕ್ಕೆ ಗರಿಷ್ಠ 15 ದಿನ, ಐದು ಕೆಲಸದ ದಿನದಲ್ಲಿ ಪರಿಶೀಲನಾ ಸಮಿತಿ. ಆದೇಶ ಪ್ರಕಟಿಸಲೇಬೇಕು ಎಂದು 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈಶಾನ್ಯದಲ್ಲಿ 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಇದೆ. ಸುಪ್ರೀಂ ಕೋರ್ಟಿನ 1997ರ ತೀರ್ಪಿನ ಪ್ರಕಾರ ಆರಾರು ತಿಂಗಳಿಗೆ 'ಕ್ಷೋಭೆಗೊಳಗಾದ ಪ್ರದೇಶ' ಎನ್ನುವುದನ್ನು ಮರುಪರಿಶೀಲಿಸಬೇಕು, ಆದರೆ ಪರಿಶೀಲಿಸುವುದು ಸರ್ಕಾರವೇ, ಸದನವಲ್ಲ. ಸೈನಿಕರ ಮೇಲೆ ಮೊಕದ್ದಮೆಗೆ 6ನೇ ಸೆಕ್ಷನ್ ಪ್ರಕಾರ ಕೇಂದ್ರದ ಅನುಮತಿ ಬೇಕು. 2021ರ ಡಿಸೆಂಬರ್‌ನಲ್ಲಿ ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ ಗಣಿಯಿಂದ ಮನೆಗೆ ಮರಳುತ್ತಿದ್ದ ಕಾರ್ಮಿಕರನ್ನು ಗುಂಡಿಕ್ಕಿ ಕೊಂದ ಪ್ರಕರಣದಲ್ಲಿ ಆ ಅನುಮತಿ ಸಿಗಲಿಲ್ಲ.

ಬಾಗಿಲಿಗೆ ಬೀಗ ಹಾಕಿದ್ದಾರೆ, ಸರಿ. ಜನರ ಮೇಲಿನ ಕ್ರಮವೆಲ್ಲ ಬೇರೆ ಕಡೆಯಿಂದಲೇ ಬರುತ್ತಿದೆ.

ಹೇಮಾವತಿ
ಗಡಿನಾಡು ಅವರ ಮಾತಿಗೆ ಒಂದು ಎದುರು ಉದಾಹರಣೆ. 2020ರಲ್ಲಿ ಗುಜರಾತ್ ಸರ್ಕಾರ ಕೊರೊನಾವನ್ನು 'ಸಾರ್ವಜನಿಕ ತುರ್ತು' ಎಂದು ಹೇಳಿ ಕಾರ್ಖಾನೆ ಕಾಯ್ದೆಯ 5ನೇ ಸೆಕ್ಷನ್ ಅಡಿ ದಿನಕ್ಕೆ 12 ಗಂಟೆ ಕೆಲಸಕ್ಕೆ ಅನುಮತಿ ಕೊಟ್ಟಿತು. ಅಕ್ಟೋಬರ್ 1ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಯುದ್ಧ, ಬಾಹ್ಯ ಆಕ್ರಮಣ, ಆಂತರಿಕ ಕ್ಷೋಭೆಯಿಂದ ದೇಶದ ಭದ್ರತೆಗೆ ಗಂಭೀರ ಅಪಾಯ ಇದ್ದರೆ ಮಾತ್ರ ಆ ಸೆಕ್ಷನ್, ಸಾಂಕ್ರಾಮಿಕ ರೋಗ ಆ ಮಟ್ಟಕ್ಕೆ ಬರುವುದಿಲ್ಲ ಎಂದಿತು. ಕರ್ನಾಟಕವೂ ಆ ಮೇನಲ್ಲಿ ದಿನಕ್ಕೆ 10 ಗಂಟೆಗೆ ಏರಿಸಿ, ಹೈಕೋರ್ಟಿನಲ್ಲಿ ಪ್ರಶ್ನೆ ಬಂದ ಮೇಲೆ ಜೂನ್‌ನಲ್ಲಿ ಹಿಂದಕ್ಕೆ ಪಡೆಯಿತು. ಕೋರ್ಟು ನೋಡುತ್ತದೆ, ಆದರೆ ಯಾರಾದರೂ ಅರ್ಜಿ ಹಾಕಬೇಕು.

ಅಡಿಟಿಪ್ಪಣಿ
44ನೇ ತಿದ್ದುಪಡಿಯ ಗುಣಗಾನ ಮಾಡುವಾಗ ಇದನ್ನೂ ಹೇಳಲೇಬೇಕು. ಆ ತಿದ್ದುಪಡಿಯ 3ನೇ ಸೆಕ್ಷನ್ ಇವತ್ತಿಗೂ ಜಾರಿಗೆ ಬಂದಿಲ್ಲ.

ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಮುನ್ನೆಚ್ಚರಿಕಾ ಬಂಧನದಲ್ಲಿ ಇಡಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ, ಮಂಡಳಿಯನ್ನು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚಿಸಬೇಕೆನ್ನುವ ಸೆಕ್ಷನ್ ಅದು. ಸಂಸತ್ತು 1978ರಲ್ಲಿ ಪಾಸು ಮಾಡಿತು, ರಾಷ್ಟ್ರಪತಿ 1979ರ ಏಪ್ರಿಲ್ 30ಕ್ಕೆ ಅಂಕಿತ ಹಾಕಿದರು. ಆದರೆ ಜಾರಿಯ ದಿನಾಂಕ ನಿಗದಿ ಮಾಡುವುದನ್ನು ಕೇಂದ್ರ ಸರ್ಕಾರಕ್ಕೆ ಬಿಟ್ಟಿದ್ದರು. ಉಳಿದ ಸೆಕ್ಷನ್‌ಗಳಿಗೆಲ್ಲ ಅಧಿಸೂಚನೆ ಬಂತು, ಇದಕ್ಕೆ ಬರಲಿಲ್ಲ. ಎ.ಕೆ. ರಾಯ್ ಪ್ರಕರಣದಲ್ಲಿ 1981ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಜಾರಿ ಮಾಡಿ ಎಂದು ಸರ್ಕಾರಕ್ಕೆ ಆಜ್ಞೆ ಕೊಡಲು ಬರುವುದಿಲ್ಲ ಎಂದಿತು. ಆಮೇಲೆ ಎಲ್ಲ ಪಕ್ಷದ ಸರ್ಕಾರಗಳೂ ಬಂದು ಹೋದವು. ಒಂದು ಅಧಿಸೂಚನೆ, ಒಂದು ಪುಟ. ಇದು ನನಗೆ ಸಿಟ್ಟು ತರಿಸುವ ವಿಷಯ.

ಅಡಿಕೆ ತೋಟ
ಹಾಗಾದರೆ ಇವತ್ತು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಒಬ್ಬರನ್ನು ಒಳಗೆ ಹಾಕಿದರೆ ಮನೆಯವರು ಏನು ನೋಡಬೇಕು?

ಕರಿಕೋಟು
ದಿನಾಂಕ. ಮೊದಲು ಬಂಧನಾದೇಶದ ಪ್ರತಿ ಪಡೆದು ಒಂದು ಹಾಳೆಯಲ್ಲಿ ದಿನಾಂಕಗಳನ್ನು ಬರೆದುಕೊಳ್ಳಿ.

ಜಿಲ್ಲಾಧಿಕಾರಿ ಅಥವಾ ಕಮಿಷನರ್ ಹೊರಡಿಸಿದ ಆದೇಶಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆ 12 ದಿನದಲ್ಲಿ ಬರಬೇಕು, ಬರದಿದ್ದರೆ ಆದೇಶ ಬಿದ್ದುಹೋಗುತ್ತದೆ. ಬಂಧನದ ಕಾರಣಗಳನ್ನು ಸಾಮಾನ್ಯವಾಗಿ 5 ದಿನದಲ್ಲಿ, ಅಸಾಧಾರಣ ಸಂದರ್ಭದಲ್ಲಿ ಲಿಖಿತ ಕಾರಣ ಕೊಟ್ಟು ಕೆಲವು ದಿನ ತಡವಾಗಿ ತಿಳಿಸಬೇಕು. ಮೂರು ವಾರದೊಳಗೆ ಕಡತ ಸಲಹಾ ಮಂಡಳಿಗೆ ಹೋಗಬೇಕು, ಬಂಧನವಾದ ಏಳು ವಾರದೊಳಗೆ ಮಂಡಳಿಯ ವರದಿ ಬರಬೇಕು. ಗರಿಷ್ಠ 12 ತಿಂಗಳು.

ಆದೇಶಗಳು ಬಿದ್ದುಹೋಗುವುದು ಹೆಚ್ಚಾಗಿ ಸಣ್ಣಪುಟ್ಟ ಲೋಪದಿಂದ. ಕಾರಣಗಳನ್ನು ಬಂಧಿತನಿಗೆ ತಿಳಿಯದ ಭಾಷೆಯಲ್ಲಿ ಕೊಟ್ಟಿರುತ್ತಾರೆ. ಆದೇಶದಲ್ಲಿ ಹೆಸರಿಸಿದ ದಾಖಲೆಯ ಪ್ರತಿ ಕೊಟ್ಟಿರುವುದಿಲ್ಲ, ಅಥವಾ ಕೊಟ್ಟ ಪ್ರತಿ ಓದಲಾಗದಷ್ಟು ಮಸುಕಾಗಿರುತ್ತದೆ. ಮನವಿ ಸಲ್ಲಿಸುವ ಹಕ್ಕಿದೆ ಎಂದು ತಿಳಿಸಿರುವುದಿಲ್ಲ. ಸಲ್ಲಿಸಿದ ಮನವಿ ಯಾರದೋ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿರುತ್ತದೆ. ಮನವಿಯನ್ನು ರಾಜ್ಯ ಮತ್ತು ಕೇಂದ್ರ ಎರಡಕ್ಕೂ ಪ್ರತ್ಯೇಕವಾಗಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಹೇಬಿಯಸ್ ಕಾರ್ಪಸ್ ಅರ್ಜಿಗೆ ಆ ಸ್ವೀಕೃತಿಯೇ ಆಧಾರ. ಕರ್ನಾಟಕದಲ್ಲಿ ಜನ 'ಗೂಂಡಾ ಕಾಯ್ದೆ' ಎನ್ನುವ 1985ರ ಕಾಯ್ದೆಗೂ ಇದೇ ರೀತಿ ದಿನಾಂಕ ಹಿಡಿದು ನೋಡಬೇಕು.

ಬಯಲುಸೀಮೆ
ಇನ್ನೊಂದು. ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದರೂ ಹಕ್ಕುಗಳು ಅಮಾನತಾಗುತ್ತವಾ? ಅದನ್ನೂ ಆ ಸಂದೇಶದಲ್ಲಿ ಬೆರೆಸಿದ್ದಾರೆ.

ಮಾಳಮಡ್ಡಿ
ಇಲ್ರಿ. 356ಕ್ಕೂ ಹಕ್ಕಿಗೂ ಸಂಬಂಧ ಇಲ್ಲ. ಎರಡು ತಿಂಗಳದಾಗ ಎರಡೂ ಸದನ ಒಪ್ಪಬೇಕು, ಸಾದಾ ಬಹುಮತ ಸಾಕು. ಆರಾರು ತಿಂಗಳು ಮಾಡಿ ಮೂರು ವರ್ಷದ ತನಕ. ಒಂದ ವರ್ಷ ದಾಟಬೇಕಂದ್ರ 352ರ ಘೋಷಣಾ ಇರಬೇಕು, ಚುನಾವಣಾ ಆಯೋಗ ಚುನಾವಣಾ ಮಾಡಾಕ ಆಗೂದಿಲ್ಲ ಅಂತ ಪ್ರಮಾಣಪತ್ರನೂ ಕೊಡಬೇಕು.

ಇದರಾಗ ನಮ್ಮ ಹುಬ್ಬಳ್ಳಿ ಕಡೆಯವರ ಹೆಸರ ಐತಿ: ಎಸ್.ಆರ್. ಬೊಮ್ಮಾಯಿ. 1989ರ ಏಪ್ರಿಲ್‌ದಾಗ 19 ಶಾಸಕರು ಬೆಂಬಲ ಹಿಂದಕ್ಕ ತಗೊಂಡಾರ ಅಂತ ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈಗೆ ಪತ್ರ ಬಂದ್ವು. ಮರದಿನ ಅವರಾಗ ಏಳು ಮಂದಿ ನಾವು ಸರ್ಕಾರದ ಜೋಡಿನ ಇದ್ದೀವಿ ಅಂದ್ರು. ಸದನದಾಗ ಬಹುಮತ ತೋರಸ್ತೀನಿ, ಬೇಕಾದ್ರ ಅಧಿವೇಶನ ಮುಂಚೇನ ಕರೀರಿ ಅಂತ ಬೊಮ್ಮಾಯಿ ಕೇಳಿದ್ರು. ಕೊಡಲಿಲ್ಲ. 21ಕ್ಕ ಸರ್ಕಾರ ವಜಾ ಆತು. 1994ರ ಮಾರ್ಚ್ 11ಕ್ಕ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಡ್ತು: ಬಹುಮತ ಎಣಿಸೋ ಜಾಗ ರಾಜಭವನ ಅಲ್ಲ, ಸದನ. ಸಂಸತ್ತು ಒಪ್ಪೂತನಕ ವಿಧಾನಸಭಾ ವಿಸರ್ಜನಾ ಮಾಡಂಗಿಲ್ಲ. ಮಂತ್ರಿಗಳ ಸಲಹಾ ಕೋರ್ಟ್ ಕೇಳೂದಿಲ್ಲ, ಆದರ ಆ ಸಲಹಾದ ಹಿಂದಿನ ದಾಖಲೆ ಕೇಳತೈತಿ.

ಕದ್ರಿಗುಡ್ಡೆ
ಐದು ವರ್ಷದ ಮೇಲೆ ತೀರ್ಪು ಬಂದು ಬೊಮ್ಮಾಯಿಯವರಿಗೆ ಏನು ಸಿಕ್ಕಿತು? ಅಷ್ಟರಲ್ಲಿ ಚುನಾವಣೆಯೇ ಮುಗಿದಿತ್ತು.

ಅಡಿಟಿಪ್ಪಣಿ
ಅವರಿಗೆ ಸಿಗಲಿಲ್ಲ, ನಿಜ. 2016ರಲ್ಲಿ ಉತ್ತರಾಖಂಡಕ್ಕೆ ಸಿಕ್ಕಿತು. ಮಾರ್ಚ್‌ನಲ್ಲಿ ರಾಷ್ಟ್ರಪತಿ ಆಳ್ವಿಕೆ, ಏಪ್ರಿಲ್ 21ಕ್ಕೆ ಹೈಕೋರ್ಟ್ ಅದನ್ನು ರದ್ದುಗೊಳಿಸಿತು, ಮೇ 10ಕ್ಕೆ ಸುಪ್ರೀಂ ಕೋರ್ಟ್ ನಿಗಾದಲ್ಲಿ ಬಲಾಬಲ ಪರೀಕ್ಷೆ, ಸರ್ಕಾರ ವಾಪಸ್. ಬೊಮ್ಮಾಯಿ ತೀರ್ಪಿಲ್ಲದೆ ಅದು ಸಾಧ್ಯವಿರಲಿಲ್ಲ.

ಬಯಲುಸೀಮೆ
ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ನಾಳೆ ಯಾವುದೋ ಆದೇಶದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಅದು ತುರ್ತು ಪರಿಸ್ಥಿತಿಯೋ ಅಲ್ಲವೋ ಅಂತ ಗುರುತಿಸುವುದು ಹೇಗೆ?

ಕರಿಕೋಟು
ಮೊದಲ ಎರಡು ಸಾಲು ಓದಿ. ಯಾವ ಅಧಿಕಾರ ಚಲಾಯಿಸಿ ಹೊರಡಿಸಿದ್ದು ಎಂದು ಅಲ್ಲೇ ಬರೆದಿರಬೇಕು. 352ರ ಘೋಷಣೆ ಭಾರತ ಸರ್ಕಾರದ ವಿಶೇಷ ಗೆಜೆಟ್‌ನಲ್ಲಿ ರಾಷ್ಟ್ರಪತಿಯ ಹೆಸರಲ್ಲಿ ಬರುತ್ತದೆ. ಇ-ಗೆಜೆಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿ ಇಲ್ಲದಿದ್ದರೆ ತುರ್ತು ಪರಿಸ್ಥಿತಿ ಇಲ್ಲ.

ನಿಮ್ಮ ಕೈಗೆ ಬರುವುದು ಬಹುತೇಕ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆದೇಶ, ಹಳೆಯ 144. ಅದಕ್ಕೆ ಗರಿಷ್ಠ ಎರಡು ತಿಂಗಳು, ರಾಜ್ಯ ಸರ್ಕಾರ ಬೇಕೆಂದರೆ ಮೇಲೆ ಇನ್ನು ಆರು ತಿಂಗಳು. ಆದೇಶದಲ್ಲಿ ಅಧಿಕಾರಿ ತನ್ನದೇ ವಿವೇಚನೆಯಿಂದ ಕಾರಣ ಬರೆದಿದ್ದಾನೋ, ಬೇರೆಯವರ ವರದಿಯನ್ನು ನಕಲು ಮಾಡಿದ್ದಾನೋ ನೋಡಿ. 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಹೊರಡಿಸಿದ ನಿಷೇಧಾಜ್ಞೆಯನ್ನು ಕರ್ನಾಟಕ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರ ಎಂದದ್ದು ಈ ಲೋಪಕ್ಕೇ.

ಅಡಿಕೆ ತೋಟ
ಆ ಹೈಕೋರ್ಟ್ ತೀರ್ಪಿನ ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹೊರಡಿಸಿದ ಒಂದು ನಿಷೇಧಾಜ್ಞೆಯಲ್ಲಿ ಕಾರಣದ ಕಾಲಂ ಖಾಲಿಯೇ ಇದೆ. ಪ್ರತಿ ಹಾಕುತ್ತೇನೆ, ಕರಿಕೋಟು ಸರ್ ಒಮ್ಮೆ ನೋಡಿ.